ಊಟ, ಹಾಸಿಗೆ ಕೊಟ್ಟರೆ ಕೂಲಿ ಕೊಟ್ಟ ಹಾಗಾಯ್ತಾ?

ಈಗ ನಮ್ಮ ಹಾಸ್ಟೆಲ್‌ನಲ್ಲಿ ಇಂಟರ್ನ್‌ಶಿಪ್ ಮಾತಿನ ಜೊತೆಗೆ ಇನ್ನೊಂದು ಮಾತೂ ಓಡಾಡ್ತಿದೆ: ಆಸ್ಟ್ರೇಲಿಯಾದ ಯಾವುದಾದ್ರೂ ಫಾರ್ಮ್‌ನಲ್ಲಿ ಕೆಲವು ತಿಂಗಳು ಇದ್ದು ಬರೋಣ ಅಂತ. ರೀಲ್ಸ್‌ನಲ್ಲಿ ಕಾಣೋದು ಬಾಟಲಿಯಲ್ಲಿ ಹಾಲು ಕುಡಿಯೋ ಕರು, ಸೂರ್ಯಾಸ್ತ, ಮನೆಯವರ ಜೊತೆ ಒಂದೇ ಟೇಬಲ್‌ನಲ್ಲಿ ಊಟ. ಇದ್ಯಾವುದೂ ಸುಳ್ಳಲ್ಲ. ಆದರೆ ಇಡೀ ದಿನ ಹೀಗಿರಲ್ಲ.

ವಿಕ್ಟೋರಿಯಾ ರಾಜ್ಯದ ಗಿಪ್ಸ್‌ಲ್ಯಾಂಡ್ ಹಾಲಿಗೆ ಹೆಸರಾದ ಜಾಗ. ಅಂಥಾ ಕಡೆ ಬೆಳಕು ಹರಿಯೋ ಮೊದಲೇ ಗಂಬೂಟು ಹಾಕ್ಕೊಂಡು ಹಸುಗಳನ್ನು ಶೆಡ್ಡಿಗೆ ಹೊಡ್ಕೊಂಡು ಬರಬೇಕು. ಹಾಲು ಕರೆಯೋದು ಮೆಷಿನ್, ಆದರೆ ಕೆಚ್ಚಲಿಗೆ ಕಪ್ ಹಾಕೋದು ನಮ್ಮ ಕೈ. ಆಮೇಲೆ ಸಗಣಿ ತೊಳೆಯೋದು, ಕರುಗಳಿಗೆ ಹಾಲು ಕೊಡೋದು, ಬೇಲಿ ರಿಪೇರಿ. ನಡುವೆ 'ಸ್ಮೋಕೋ' ಅನ್ನೋ ಟೀ ಬ್ರೇಕ್. ಮಧ್ಯಾಹ್ನ ಮತ್ತೆ ಹಾಲು ಕರೆಯೋದು. ಭಾನುವಾರ ಅಂತ ಹಸು ರಜಾ ಹಾಕಲ್ಲ. ಫಾರ್ಮ್ ಮನೆಯವರೂ ಜೊತೆಗೆ ದುಡೀತಾರೆ, ಅದನ್ನೂ ಹೇಳಬೇಕು.

ಹೀಗೆ ಇದ್ದು ಕೆಲಸ ಮಾಡೋ ಪದ್ಧತಿಯಲ್ಲಿ ಹೆಸರುವಾಸಿಯಾದ 'ವೂಫ್' 1971ರಲ್ಲಿ ಇಂಗ್ಲೆಂಡ್‌ನಲ್ಲಿ ಶುರುವಾಯ್ತು. ಲಂಡನ್‌ನಲ್ಲಿ ಸೆಕ್ರೆಟರಿ ಆಗಿದ್ದ ಸ್ಯೂ ಕೊಪಾರ್ಡ್, ನಗರದವರಿಗೆ ವಾರಾಂತ್ಯದಲ್ಲಿ ಹಳ್ಳಿ ಸಿಗಲಿ ಅಂತ ಮಾಡಿದ್ದು. ದಿನಕ್ಕೆ ಸುಮಾರು ನಾಲ್ಕರಿಂದ ಆರು ಗಂಟೆ ಕೆಲಸ, ಬದಲಿಗೆ ಊಟ, ವಸತಿ, ಒಂದಿಷ್ಟು ಕಲಿಕೆ. ನ್ಯಾಯವಾದ ಲೆಕ್ಕವೇ.

ಆರು ಗಂಟೆ ಹತ್ತಾದಾಗ ಈ ಲೆಕ್ಕ ತಪ್ಪುತ್ತೆ. ಆಸ್ಟ್ರೇಲಿಯಾದಲ್ಲಿ ವೀಸಾ ಇನ್ನೊಂದು ವರ್ಷ ಬೇಕು ಅಂದ್ರೆ ಮೂರು ತಿಂಗಳು ಇಂಥಾ ಕೆಲಸ ಮಾಡಿರಬೇಕು. ಸಂಬಳವಿಲ್ಲದ ಕೆಲಸವೂ ಅದಕ್ಕೆ ಲೆಕ್ಕಕ್ಕಿತ್ತು. ದುರುಪಯೋಗ ಆಗ್ತಿದೆ ಅಂತ ಡಿಸೆಂಬರ್ 2015ರಿಂದ ಅದನ್ನು ನಿಲ್ಲಿಸಿದ್ರು. ಹಣ್ಣು ಕೀಳೋರಿಗೆ ಬುಟ್ಟಿ ಲೆಕ್ಕದಲ್ಲಿ ದುಡ್ಡು ಕೊಟ್ಟರೂ ಗಂಟೆಯ ಕನಿಷ್ಠ ಕೂಲಿ ಕೊಡಲೇಬೇಕು ಅಂತ ಏಪ್ರಿಲ್ 2022ರಲ್ಲಿ ನಿಯಮ ಬಂತು. ನ್ಯೂಜಿಲೆಂಡ್‌ನಲ್ಲಂತೂ ಬರೀ ಊಟ, ವಸತಿಗೆ ಮಾಡಿದ್ದೂ ಕೆಲಸವೇ, ಅದಕ್ಕೆ ತಕ್ಕ ವೀಸಾ ಬೇಕು.

ಇದೆಲ್ಲ ನಮಗ್ಯಾಕೆ? 2024ರಿಂದ ಆಸ್ಟ್ರೇಲಿಯಾದ 462 ವೀಸಾ ಭಾರತೀಯರಿಗೂ ಸಿಗ್ತಿದೆ. ವಯಸ್ಸು 18ರಿಂದ 30, ವರ್ಷಕ್ಕೆ 1,000 ಜನ, ಲಾಟರಿಯಲ್ಲಿ ಆಯ್ಕೆ. ಪಿಯುಸಿ ಆದಮೇಲೆ ಎರಡು ವರ್ಷ ಓದಿರಬೇಕು. ಅಂದ್ರೆ ಸೆಕೆಂಡ್ ಇಯರ್ ಮುಗಿಸೋ ನಾವೇ!

"ಎಕ್ಸ್‌ಪೀರಿಯನ್ಸ್ ಸಿಗುತ್ತಲ್ಲ, ದುಡ್ಡು ಯಾಕೆ?" ಅನ್ನೋರು ನಮ್ಮಲ್ಲೇ ಇದ್ದಾರೆ. ಸಂಬಳ ಕೊಡದ ಇಂಟರ್ನ್‌ಶಿಪ್ ಬಗ್ಗೆಯೂ ನಮಗೆ ಹೇಳೋದು ಇದನ್ನೇ. ನಮ್ಮೂರಲ್ಲಿ ಸಗಣಿ ಬಾಚಿದ್ರೆ ಕೂಲಿ, ಗಿಪ್ಸ್‌ಲ್ಯಾಂಡ್‌ನಲ್ಲಿ ಬಾಚಿದ್ರೆ ಎಕ್ಸ್‌ಪೀರಿಯನ್ಸಾ? ನಾವು ಪುಕ್ಕಟೆ ಮಾಡಿದ ಕೆಲಸದಿಂದ ಅಲ್ಲಿ ಇನ್ಯಾರದೋ ಸಂಬಳ ಹೋಗುತ್ತೆ ಅನ್ನೋದನ್ನೂ ಯೋಚಿಸಬೇಕು.

ಹೋಗಬೇಡಿ ಅಂತ ನಾವು ಹೇಳ್ತಿಲ್ಲ. ಹೋಗೋಣ. ಆದರೆ ಟಿಕೆಟ್ ಬುಕ್ ಮಾಡೋ ಮೊದಲೇ ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ರಜಾ, ಸಂಬಳ ಎಷ್ಟು ಅಂತ ಬರಹದಲ್ಲಿ ಕೇಳಿ ಇಟ್ಕೊಳ್ಳೋಣ. ಸಂಬಳ ಇಲ್ಲ ಅಂದ್ರೆ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳ್ಕೊಳ್ಳೋಣ: ಬೆಳಗ್ಗೆ ನಾವು ಏಳದಿದ್ರೆ ಅಲ್ಲಿ ಹಾಲು ಕರೆಯೋದು ನಿಲ್ಲುತ್ತಾ? ನಿಲ್ಲುತ್ತೆ ಅಂದ್ರೆ ನಾವು ಅತಿಥಿಗಳಲ್ಲ, ಕೆಲಸಗಾರರು. ಕೆಲಸಗಾರರಿಗೆ ಕೂಲಿ ಕೊಡಬೇಕು.