ತೆರಿಗೆ ಮನ್ನಾ ಕಟ್ಟಡಕ್ಕೆ, ಬಾಡಿಗೆ ಇಳಿದಿದ್ದು ಯಾರಿಗೆ?

ಬೀದರ್‌ನ ಒಂದು ಸರ್ಕಾರಿ ನಿಗಮ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರೋ ಮುನ್ನೂರು ಫ್ಲ್ಯಾಟುಗಳ ಕಾಂಪ್ಲೆಕ್ಸ್ ಒಂದನ್ನು ತನ್ನ ಹೆಸರಿಗೆ ಮಾಡಿಕೊಂಡಿತು ಅಂತ ಊಹಿಸಿಕೊಳ್ಳಿ. ಮರುದಿನದಿಂದ ಅದು ಸರ್ಕಾರಿ ಆಸ್ತಿ, ಹಾಗಾಗಿ ಆಸ್ತಿ ತೆರಿಗೆ ಸೊನ್ನೆ. ಕಟ್ಟಡ ನಡೆಸೋದು, ಬಾಡಿಗೆ ಎತ್ತೋದು ಖಾಸಗಿ ಕಂಪನಿಯೇ. ಬೀದರ್‌ಗೆ ಶುಲ್ಕ ಸಿಗುತ್ತೆ. ರಸ್ತೆ, ಚರಂಡಿ, ಕಸದ ಖರ್ಚು ಮಾತ್ರ ಬೆಂಗಳೂರಿನ ತಲೆಗೆ. ಬೆಂಗಳೂರನ್ನು ಯಾರೂ ಒಂದು ಮಾತೂ ಕೇಳಿರಲ್ಲ.

ಅಮೆರಿಕದ ಟೆಕ್ಸಸ್‌ನಲ್ಲಿ ಇದು ನಿಜವಾಗಿ ನಡೆದಿದೆ. ಪಶ್ಚಿಮ ಟೆಕ್ಸಸ್‌ನ ತೈಲ ಸೀಮೆಯಲ್ಲಿರೋ ಪೆಕೋಸ್ ಅನ್ನೋ ಸಣ್ಣ ಊರಿನ ಹೌಸಿಂಗ್ ಫೈನಾನ್ಸ್ ಕಾರ್ಪೊರೇಷನ್, ಸುಮಾರು 700 ಕಿಲೋಮೀಟರ್ ದೂರದ ಡಲ್ಲಾಸ್–ಫೋರ್ಟ್ ವರ್ತ್ ಭಾಗದ ಅಪಾರ್ಟ್‌ಮೆಂಟುಗಳ ಮಾಲೀಕನಾಯಿತು. ಮೆಕ್ಸಿಕೋ ಗಡಿಯ ಕ್ಯಾಮೆರಾನ್ ಕೌಂಟಿಯ ನಿಗಮವೂ ಇದೇ ದಾರಿ ಹಿಡಿಯಿತು. ಅಲ್ಲಿನವರು ಇವಕ್ಕೆ ಇಟ್ಟ ಹೆಸರು 'ಟ್ರಾವೆಲಿಂಗ್ ಎಚ್‌ಎಫ್‌ಸಿ'. ನಮ್ಮ ಭಾಷೆಯಲ್ಲಿ ಹೇಳೋದಾದರೆ ಊರೂರು ತಿರುಗುವ ನಿಗಮಗಳು.

ಮೂಲ ಕಾನೂನು 1979ರದ್ದು, ಉದ್ದೇಶವೂ ಒಳ್ಳೆಯದೇ. ನಗರ ಅಥವಾ ಕೌಂಟಿ ಒಂದು ನಿಗಮ ಮಾಡಿ, ಕಡಿಮೆ ಮತ್ತು ಮಧ್ಯಮ ಆದಾಯದವರ ಮನೆಗಳಿಗೆ ಹಣಕಾಸು ಒದಗಿಸಬೇಕು. ಆದರೆ ನಿಗಮ ತನ್ನ ಗಡಿಯೊಳಗೇ ಇರಬೇಕು ಅನ್ನೋದನ್ನು ಕಾನೂನು ಬಿಗಿಯಾಗಿ ಹೇಳಿರಲಿಲ್ಲ. ಇದರ ಸೋದರ ಸಂಸ್ಥೆಗಳಾದ ಪಬ್ಲಿಕ್ ಫೆಸಿಲಿಟಿ ಕಾರ್ಪೊರೇಷನ್‌ಗಳಲ್ಲೂ ಇಂಥದ್ದೇ ಆಟ ನಡೆದಿತ್ತು. 2023ರಲ್ಲಿ ಶಾಸನಸಭೆ ಅವಕ್ಕೆ ಲಗಾಮು ಹಾಕಿತು. ಹಾಕಿದ ಕೂಡಲೇ ಡೀಲ್‌ಗಳು ಎಚ್‌ಎಫ್‌ಸಿ ಕಡೆ ಹರಿದವು. ಒಂದು ತೂತು ಮುಚ್ಚಿದರೆ ನೀರು ಪಕ್ಕದ ತೂತು ಹುಡುಕುತ್ತೆ ಅಷ್ಟೇ.

ಟೆಕ್ಸಸ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆಯನ್ನು ರಾಜ್ಯ ಹಾಕಲ್ಲ. ಶಾಲೆ, ನಗರ, ಕೌಂಟಿ ಎಲ್ಲವೂ ಬಹುಪಾಲು ನಿಂತಿರೋದು ಆಸ್ತಿ ತೆರಿಗೆ ಮೇಲೆ. ಆಸ್ಟಿನ್ನಲ್ಲೋ ಪ್ಲೇನೋದಲ್ಲೋ ಮನೆ ಕೊಂಡಿರೋ ನಿಮ್ಮ ಕಸಿನ್‌ನನ್ನು ಕೇಳಿ, ವರ್ಷಾವರ್ಷ ಬರೋ ಬಿಲ್ಲಿನ ಬಗ್ಗೆ ಅರ್ಧ ಗಂಟೆ ಗೋಳು ಹೇಳಿಕೊಳ್ತಾನೆ.

ಈಗ ಲೆಕ್ಕ ಹಾಕೋಣ. ಅಂಕಿಗಳು ನನ್ನ ಕಲ್ಪನೆಯವು, ಅನುಪಾತ ಗಮನಿಸಿ. 5 ಕೋಟಿ ಡಾಲರ್ ಬೆಲೆಯ, 300 ಫ್ಲ್ಯಾಟುಗಳ ಕಟ್ಟಡ. ತೆರಿಗೆ ಸುಮಾರು 2% ಅಂದ್ರೆ ವರ್ಷಕ್ಕೆ 10 ಲಕ್ಷ ಡಾಲರ್ ಮನ್ನಾ. ಅರ್ಧದಷ್ಟು ಫ್ಲ್ಯಾಟುಗಳಿಗೆ ತಿಂಗಳಿಗೆ 50 ಡಾಲರ್ ಬಾಡಿಗೆ ಇಳಿಸಿದರು ಅಂತಿಟ್ಟುಕೊಳ್ಳಿ. ಅದು ವರ್ಷಕ್ಕೆ 90 ಸಾವಿರ. ಅಂದರೆ ಸಾರ್ವಜನಿಕರು ಬಿಟ್ಟುಕೊಟ್ಟ ಪ್ರತಿ ರೂಪಾಯಿಯಲ್ಲಿ ಬಾಡಿಗೆದಾರನಿಗೆ ತಲುಪಿದ್ದು 9 ಪೈಸೆ. ಉಳಿದ 91 ಪೈಸೆಯನ್ನು ನಿಗಮ, ಹೂಡಿಕೆದಾರ, ಸಲಹೆಗಾರರು ಹಂಚಿಕೊಳ್ಳಬಹುದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

50 ಡಾಲರ್ ಕೂಡ ಇಳಿಸದೇ ಇರಬಹುದು. ಯಾಕೆ ಅಂದ್ರೆ 'ಕೈಗೆಟುಕುವ' ಅನ್ನೋ ಪದದ ಅಳತೆಯೇ ಹಾಗಿದೆ. 2024ರಲ್ಲಿ ಡಲ್ಲಾಸ್ ಭಾಗದ ನಾಲ್ವರ ಕುಟುಂಬದ ಮಧ್ಯಮ ಆದಾಯ ಸುಮಾರು 1.1 ಲಕ್ಷ ಡಾಲರ್. ಅದರ 80% ದುಡಿಯುವವರು, ಆದಾಯದ 30% ಬಾಡಿಗೆಗೆ ಕೊಡಬಹುದು ಅನ್ನೋ ಸೂತ್ರ ಹಿಡಿದರೆ ತಿಂಗಳಿಗೆ ಸುಮಾರು 2,200 ಡಾಲರ್ ಆಗುತ್ತೆ. ಡಲ್ಲಾಸ್‌ನಲ್ಲಿ ಎರಡು ಬೆಡ್‌ರೂಮಿನ ಮಾಮೂಲಿ ಫ್ಲ್ಯಾಟು ಮಾರುಕಟ್ಟೆಯಲ್ಲೇ ಅದಕ್ಕಿಂತ ಕಡಿಮೆಗೆ ಸಿಗುತ್ತೆ! ಮಾರುಕಟ್ಟೆ ಬಾಡಿಗೆಗೆ 'ಅಫೋರ್ಡಬಲ್' ಅಂತ ಬೋರ್ಡ್ ಹಾಕಿ ತೆರಿಗೆ ಉಳಿಸಿದಂತಾಯ್ತು. ಅದೂ ಹಳೇ ಕಟ್ಟಡ ಕೊಂಡು, ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಡದೆ.

ಡಲ್ಲಾಸ್ ಸುತ್ತಲಿನ ನಗರಾಡಳಿತಗಳು ಕೋರ್ಟ್ ಮೆಟ್ಟಿಲೇರಿದವು. 2025ರ ಮೇನಲ್ಲಿ ಗವರ್ನರ್ ಗ್ರೆಗ್ ಅಬಾಟ್ ಎಚ್‌ಬಿ 21 ಮಸೂದೆಗೆ ಸಹಿ ಹಾಕಿದರು. ಅದನ್ನು ಮಂಡಿಸಿದ ರಿಪಬ್ಲಿಕನ್ ಶಾಸಕ ಗ್ಯಾರಿ ಗೇಟ್ಸ್ ಸ್ವತಃ ಅಪಾರ್ಟ್‌ಮೆಂಟ್ ಉದ್ಯಮಿ. ತೆರಿಗೆ ಕಟ್ಟದ ಪ್ರತಿಸ್ಪರ್ಧಿಯ ನೋವು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ಇರಲಿ, ಮಸೂದೆಯಲ್ಲಿ ಹುರುಳಿದೆ. ಗಡಿಯಾಚೆಗಿನ ಆಸ್ತಿಗೆ ಆ ಊರಿನ ಒಪ್ಪಿಗೆ ಬೇಕು. ಪ್ರತಿ ವರ್ಷ ಆಡಿಟ್ ಆಗಿ, ವರದಿ ರಾಜ್ಯದ ವಸತಿ ಇಲಾಖೆಗೆ ಹೋಗಬೇಕು. ಮುಖ್ಯವಾಗಿ, ಉಳಿದ ತೆರಿಗೆಯ ಕನಿಷ್ಠ ಅರ್ಧದಷ್ಟಾದರೂ ಬಾಡಿಗೆ ಇಳಿಕೆಯ ರೂಪದಲ್ಲಿ ಬಾಡಿಗೆದಾರರಿಗೆ ಸಿಗಬೇಕು. ನನ್ನ ಪ್ರಕಾರ ಇಡೀ ಕಾನೂನಿನ ಜೀವ ಇರೋದು ಈ ಒಂದು ಸಾಲಿನಲ್ಲಿ. ಮನ್ನಾ ಮಾಡಿದ ತೆರಿಗೆಯೂ ಖರ್ಚು ಮಾಡಿದ ದುಡ್ಡೇ. ಬಜೆಟ್‌ನಲ್ಲಿ ಕಾಣಲ್ಲ ಅನ್ನೋದೊಂದೇ ವ್ಯತ್ಯಾಸ.

ನಮ್ಮಲ್ಲೂ ಈ ದಾರಿ ತೆರೆದಿದೆ. ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರು ನಡೆದೇ ಊರು ಸೇರಿದ ಮೇಲೆ, 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೈಗೆಟುಕುವ ಬಾಡಿಗೆ ವಸತಿ ಯೋಜನೆ ತಂದಿತು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು 25 ವರ್ಷ ನಡೆಸೋಕೆ ಕೊಡೋದು ಅದರ ಒಂದು ಮಾದರಿ. ಜೊತೆಗೆ ಆದಾಯ ತೆರಿಗೆ, ಜಿಎಸ್‌ಟಿ ವಿನಾಯಿತಿ. ಒಂದು ವಿಷಯದಲ್ಲಿ ನಾವು ಟೆಕ್ಸಸ್‌ಗಿಂತ ಮೇಲು: ಈ ಸರ್ಕಾರಿ ಮನೆಗಳ ಮಾದರಿಯಲ್ಲಿ ಆರಂಭದ ಬಾಡಿಗೆಯನ್ನು ಸ್ಥಳೀಯ ಸಂಸ್ಥೆಯೇ ನಿಗದಿ ಮಾಡಬೇಕು, ಎರಡು ವರ್ಷಕ್ಕೊಮ್ಮೆ 8%ಗಿಂತ ಹೆಚ್ಚು ಏರಿಸುವಂತಿಲ್ಲ. ಕೇಂದ್ರ ಬಜೆಟ್ ಜೊತೆ ಬಿಟ್ಟುಕೊಟ್ಟ ತೆರಿಗೆಯ ಪಟ್ಟಿಯೂ ಬರುತ್ತೆ. ಆದರೆ ಯಾವ ಕಟ್ಟಡಕ್ಕೆ ಎಷ್ಟು ಮನ್ನಾ, ಅಲ್ಲಿನ ಬಾಡಿಗೆದಾರನಿಗೆ ಎಷ್ಟು ಉಳಿತಾಯ ಅನ್ನೋದು ಆ ಪಟ್ಟಿಯಲ್ಲಿರಲ್ಲ. 2024ರ ಪಿಎಂ ಆವಾಸ್ ನಗರ 2.0ರಲ್ಲೂ ಬಾಡಿಗೆ ಮನೆಗಳಿವೆ, ಕೇಳೋಕೆ ಇದು ಸಕಾಲ.

ಟೆಕ್ಸಸ್‌ನಲ್ಲಿ ಒಂದು ಗಂಟು ಉಳಿದಿದೆ. ಈಗಾಗಲೇ ಗಡಿ ದಾಟಿ ಕೊಂಡ ಕಟ್ಟಡಗಳು 2027ರ ಜನವರಿ 1ರೊಳಗೆ ಸ್ಥಳೀಯ ಆಡಳಿತದ ಒಪ್ಪಿಗೆ ತರದಿದ್ದರೆ ವಿನಾಯಿತಿ ಹೋಗುತ್ತೆ. ಹೋದರೆ ನಗರಕ್ಕೆ ತೆರಿಗೆ ವಾಪಸ್. ಆದರೆ ನಿಜಕ್ಕೂ ಬಾಡಿಗೆ ಇಳಿಸಿದ ಒಂದಷ್ಟು ಕಟ್ಟಡಗಳಿದ್ದರೆ, ಅಲ್ಲಿನವರಿಗೆ ಬರೋದು ಏರಿದ ಬಾಡಿಗೆಯ ನೋಟಿಸು. ಯಾವ ಕಟ್ಟಡ ಯಾವ ಪೈಕಿ ಅಂತ ಕೌನ್ಸಿಲ್‌ಗಳು ಒಂದೊಂದಾಗಿ ಲೆಕ್ಕ ತೆಗೆಸಿ ನೋಡಬೇಕು. ಆ ಲೆಕ್ಕವನ್ನು ಮೊದಲ ದಿನವೇ ಕೇಳಿದ್ದರೆ ಈ ಇಕ್ಕಟ್ಟು ಬಾಡಿಗೆದಾರರ ಮನೆ ಬಾಗಿಲಿಗೆ ಬರ್ತಿರಲಿಲ್ಲ.