ಚೀನಾದ ಖಾರದೆಣ್ಣಿ, ಬ್ಯಾಡಗಿ ಬಣ್ಣ

ಚೀನಾದ ಖಾರದೆಣ್ಣಿ ಛಲೋ ಇರತೈತಿ. ಇದನ್ನ ಮೊದಲ ಹೇಳಿಬಿಡ್ತೇನಿ. ಇಲ್ಲಾಂದ್ರ ಇದನ್ನ ಪೂರಾ ಓದೂದ್ರಾಗ ‘ನಿನಗ ಹೊರಗಿಂದು ಏನೂ ಸೇರಂಗಿಲ್ಲ’ ಅಂತ ನಮ್ಮ ವೈನಿ ಫೋನ್ ಹಚ್ಚತಾರ. ನಮ್ಮನಿಗೆ ಮೊದಲ ಬಂದಿದ್ದು ಲಾವ್ ಗಾನ್ ಮಾ. ಈ ಸಲ ಮಗ ಬೆಂಗಳೂರಿಂದ ಬರೋವಾಗ ಬ್ಯಾರೆ ಕಂಪನಿದು, ಹೊಸಾದು ತಂದಾನ. ದ್ವಾಸಿಗೆ, ಅನ್ನಕ್ಕ, ಬಿಸಿ ರೊಟ್ಟಿಗೆ ಹಚ್ಚಿ ಎಂಟು ದಿನ ತಿಂದು ನೋಡೇವಿ.

ಹೊಸಾದರಾಗ ಎಣ್ಣಿ ಭಾಳ, ತಳದಾಗ ಗಸಿ ಕಡಿಮಿ. ರುಚಿ ಇರೋದೇ ಆ ಗಸಿಯೊಳಗ ನೋಡ್ರಿ. ಹುರಿದ ಉಳ್ಳಾಗಡ್ಡಿ, ಮೆಣಸಿನಕಾಯಿ ಚೂರು, ಹುಳಿ ಬರಿಸಿದ ಸೋಯಾ ಕಾಳು, ಇವೆಲ್ಲ ಹಲ್ಲಿಗೆ ಕರುಂ ಕರುಂ ಸಿಗಬೇಕು. ನಾಲಿಗಿ ಜುಮ್ ಅನ್ನೋದು ಸಿಚುವಾನ್ ಕಡೆ ಬೆಳಿಯೋ ಒಂದು ಕಾಯಿ ಸಿಪ್ಪಿಯಿಂದ. ನಮ್ಮ ಕರಾವಳಿಯಾಗ ಮೀನಿನ ಸಾರಿಗೆ ಹಾಕೋ ಜುಮ್ಮನಕಾಯಿ ಅದರ ದಾಯಾದಿ. ಇದೆಲ್ಲಾ ಒಪ್ಪಿದೆ. ಆದ್ರ ಬಣ್ಣ? ಈ ಹೊಸಾದು ಅನ್ನದ ಮ್ಯಾಲೆ ಹಾಕಿದ್ರ ಕಂದಗ ಕಾಣತೈತಿ, ಕೆಂಪಗಲ್ಲ. ಬ್ಯಾಡಗಿ ಕಾಯಿ ತಿಂದು ಬೆಳೆದ ಕಣ್ಣಿಗೆ ಇದು ಸಾಲಂಗಿಲ್ಲ.

ನಮ್ಮ ಕುಮಾರಪಟ್ಟಣದಿಂದ ರಾಣೆಬೆನ್ನೂರು ದಾಟಿ ಒಂದಿಷ್ಟು ಮುಂದ ಹೋದ್ರ ಬ್ಯಾಡಗಿ ಪ್ಯಾಟಿ. ಡಬ್ಬಿ, ಕಡ್ಡಿ ಅಂತ ಎರಡು ಥರ ಕಾಯಿ. ಸುಕ್ಕು ಸಿಪ್ಪಿ, ಖಾರ ಕಮ್ಮಿ, ಬಣ್ಣ ಅಂದ್ರ ಅಂಗೈಗೆ ಹತ್ತಿದ್ರ ಹೋಗಂಗಿಲ್ಲ. 2011ರಾಗ ಇದಕ್ಕ ಜಿಐ ಗುರುತು ಸಿಕ್ಕೈತಿ. ಇದರ ಬಣ್ಣ ತಗದು ತುಟಿಗೆ ಹಚ್ಚೋ ಲಿಪ್‌ಸ್ಟಿಕ್ಕಿಗೂ ಹಾಕ್ತಾರ. ಈ ಬಣ್ಣ ನೀರಿನಾಗ ಬಿಡಂಗಿಲ್ಲ, ಎಣ್ಣಿಯೊಳಗ ಬಿಡತೈತಿ. ಅಂದ್ರ ಖಾರದೆಣ್ಣಿ ಮಾಡೋದಕ್ಕ ಅಂತನ ದೇವರು ಕೊಟ್ಟ ಕಾಯಿ ಇದು.

11 ಮಾರ್ಚ್ 2024 ನೆನಪೈತೇನ್ರಿ? ದರ ಒಮ್ಮೆಲೆ ಬಿತ್ತು ಅಂತ ರೈತರು ಸಿಟ್ಟಾಗಿ ಬ್ಯಾಡಗಿ ಎಪಿಎಂಸಿಯಾಗ ಗಾಡಿಗೆ ಬೆಂಕಿ ಹಚ್ಚಿದ ದಿನ. ಅದೇ ದಿನ ಬೆಂಗಳೂರಾಗ ಸರಕಾರದೋರು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿದ್ರು. 171 ಕಡೆ ಗೋಬಿ ತಂದು ಪರೀಕ್ಷೆ ಮಾಡಿದ್ರ 107ರಾಗ ತಿನ್ನಬಾರದ ಬಣ್ಣ ಇತ್ತಂತ. ಗಾಡಿಯವರು ಪುಡಿಬಣ್ಣ ಕಲಸ್ತಾರ, ಬಣ್ಣ ಬೆಳದೋರು ದರ ಇಲ್ಲಂತ ಬೆಂಕಿ ಹಚ್ಚತಾರ. ಎರಡೂ ಸುದ್ದಿ ಒಂದೇ ದಿನದ್ದು. ನನಗ ಇವತ್ತಿಗೂ ಹೊಟ್ಟಿ ಉರಿತೈತಿ.

ಲಾವ್ ಗಾನ್ ಮಾ ಬಾಟ್ಲಿ ಮ್ಯಾಲೆ ಒಬ್ಬಾಕಿ ಹೆಣ್ಮಗಳ ಫೋಟೋ ಐತಲ್ಲ, ಆಕಿ ಹೆಸರು ತಾವ್ ಹುವಾಬಿ. ಗುಯ್ಝೌ ಪ್ರಾಂತ್ಯದಾಕಿ, ಶಾಲಿ ಮುಖ ನೋಡಿಲ್ಲ. ಗಂಡ ಸಣ್ಣ ವಯಸ್ಸಿನಾಗ ತೀರಿಕೊಂಡ, ಎರಡು ಗಂಡಮಕ್ಕಳು. 1989ರಾಗ ಗುಯ್‌ಯಾಂಗ್ ಊರಾಗ ಸಣ್ಣ ನೂಡಲ್ಸ್ ಅಂಗಡಿ ಇಟ್ಟಳು. ಮಂದಿ ನೂಡಲ್ಸ್ ಬಿಟ್ಟು ಆಕಿ ಖಾರಕ್ಕ ಬರಾಕ ಹತ್ತಿದ್ರು. ಲಾರಿ ಡ್ರೈವರಗೋಳಿಗೆ ಪುಕ್ಕಟೆ ಕಟ್ಟಿ ಕೊಡ್ತಿದ್ದಳಂತ. 1997ರಾಗ ಕಂಪನಿ ಆತು. ಈಗ ಜಗತ್ತೆಲ್ಲಾ ಹೋಗತೈತಿ.

ನಮ್ಮಲ್ಲಿ ಪುಕ್ಕಟೆ ಕೊಡೋತನಕ ಕಥಿ ಒಂದೇ, ಅದರ ಮುಂದ ನಿಂತುಬಿಡತೈತಿ. ನಮ್ಮ ಓಣಿಯಾಗ ಒಬ್ರು ಅಕ್ಕಾರು ಮಾಡೋ ರಂಜಕ ತಿಂದ್ರ ಈ ಎರಡೂ ಬಾಟ್ಲಿ ಬದಿಗೆ ಇಡ್ತೀರಿ. ಹಸಿ ಕೆಂಪು ಕಾಯಿ, ಬಳ್ಳೊಳ್ಳಿ, ಲಿಂಬಿಹುಳಿ, ಉಪ್ಪು. ಮಾಡೋ ದಿನ ಕೈ ಉರಿ ಅಂತ ರಾತ್ರಿ ಮಲಗಂಗಿಲ್ಲ ಅವರು. ನಾವೆಲ್ಲಾ ಡಬ್ಬಿ ತರ್ತೇವಿ, ‘ಅಕ್ಕಾ, ಎಷ್ಟ್ ಛಲೋ ಆಗೇತಿ’ ಅಂತೇವಿ, ಖಾಲಿ ಡಬ್ಬಿ ಕೊಡಬಾರದಂತ ಒಂದು ಹಿಡಿ ಸಕ್ಕರಿ ಹಾಕಿ ಕೊಡ್ತೇವಿ. ಅಲ್ಲಿಗೆ ಮುಗೀತು. ಚೀನಾದ ಬಾಟ್ಲಿಗೆ ಚೌಕಾಶಿ ಇಲ್ಲದ ರೊಕ್ಕ ಕೊಟ್ಟು ತರೋ ಮಕ್ಕಳಿಗೆ ಓಣಿ ಅಕ್ಕಾರಿಗೆ ರೊಕ್ಕ ಕೊಡೋದು ನಾಚಿಕಿ ಅನಸತೈತಿ. ಈ ನಾಚಿಕಿ ಹೋಗಬೇಕು ಅನ್ನೋದು ನನ್ನ ಮಾತು.

ಮನ್ಯಾಗ ಎಣ್ಣಿ ಮಾಡೋರಿಗೆ: ಡಬ್ಬಿ ಕಾಯಿ 50 ಗ್ರಾಂ, ಖಾರಕ್ಕ ನಾಕು ಗುಂಟೂರು, ತುಂಬು ಬಿಡಿಸಿ, ಬೆಚ್ಚಗ ಹುರಿದು ದಪ್ಪಗ ಕುಟ್ಟರಿ. ಕಾಲು ಲೀಟರ್ ಶೇಂಗಾ ಎಣ್ಣಿಯಾಗ ಬಳ್ಳೊಳ್ಳಿ, ಉಳ್ಳಾಗಡ್ಡಿ ಸಣ್ಣ ಉರಿಯಾಗ ಗರಿಗರಿ ಮಾಡಿ ತಗದಿಡ್ರಿ. ಒಲಿ ಆರಿಸಿ ಸ್ವಲ್ಪ ತಡೀರಿ. ಒಂದು ಚಿಟಿಕಿ ಖಾರ ಹಾಕಿದ್ರ ನೊರಿ ಬರಬೇಕು, ಕಪ್ಪಾಗಬಾರದು. ಆವಾಗ ಉಳಿದ ಖಾರ, ಉಪ್ಪು, ಎಳ್ಳು, ಕುಟ್ಟಿದ ಶೇಂಗಾ, ತಗದಿಟ್ಟಿದ್ದು ಎಲ್ಲಾ ಹಾಕ್ರಿ. ಹಸಿ ಚಮಚ ಮುಟ್ಟಿಸಬ್ಯಾಡ್ರಿ.

ಮಾಡಾಕ ಆಗದವರು ಅಕ್ಕಾರ ಕಡೆ ತರ್ರಿ. ಡಬ್ಬಿ ವಾಪಸ್ ಕೊಡೋವಾಗ ಸಕ್ಕರಿ ಜೋಡಿ ರೊಕ್ಕಾನೂ ಇಡ್ರಿ. ‘ಬ್ಯಾಡವಾ’ ಅಂತಾರ. ಇಟ್ಟ ಬರ್ರಿ.