ಅಕ್ಷಿಪಟಲ ಅಳೆಯುವ ಕೈಗಳು ವಿಜಯಪುರದಲ್ಲೂ ಪಳಗಲಿ

ಕಣ್ಣಿನ ಒಳಗೋಡೆಗೆ ಹೊಂದಿಕೊಂಡಿರುವ, ಬೆಳಕನ್ನು ನರಸಂದೇಶವಾಗಿ ಮಾರ್ಪಡಿಸುವ ತೆಳುಪದರವೇ ಅಕ್ಷಿಪಟಲ. ಈ ಪದರ ನೋಟಕ್ಕೆ ಆರೋಗ್ಯವಾಗಿ ಕಾಣುತ್ತಿದ್ದರೂ ಅದರ ಜೀವಕೋಶಗಳು ಕೆಲಸ ನಿಲ್ಲಿಸಿರಬಹುದು. ಆದ್ದರಿಂದ ದೃಷ್ಟಿ ಸಂಶೋಧನೆಯಲ್ಲಿ ಅಕ್ಷಿಪಟಲದ ರಚನೆಯನ್ನು ಚಿತ್ರಿಸಿದರಷ್ಟೇ ಸಾಲದು, ಅದರ ಕಾರ್ಯವನ್ನೂ ಅಳೆಯಬೇಕಾಗುತ್ತದೆ. ಈ ಅಳತೆಯ ಪ್ರಮುಖ ವಿಧಾನ, ಬೆಳಕಿಗೆ ಅಕ್ಷಿಪಟಲ ಕೊಡುವ ವಿದ್ಯುತ್ ಉತ್ತರವನ್ನು ದಾಖಲಿಸುವ ಎಲೆಕ್ಟ್ರೋರೆಟಿನೋಗ್ರಫಿ, ಸಂಕ್ಷೇಪದಲ್ಲಿ ಇ.ಆರ್.ಜಿ. ಪ್ರಾಣಿಗಳಲ್ಲಿ ಈ ಅಳತೆ ಮಾಡುವ ಕೈಕೆಲಸದ ತರಬೇತಿ ಮಹಾನಗರಗಳ ಕೆಲವೇ ಪ್ರಯೋಗಾಲಯಗಳಿಗೆ ಸೀಮಿತವಾಗದೆ, ವಿಜಯಪುರದಂತಹ ಜಿಲ್ಲಾ ಕೇಂದ್ರಗಳಿಗೂ ಬರಬೇಕಾಗಿದೆ.

ಬೆಳಕು ಬಿದ್ದಾಗ ಕಣ್ಣಿನಲ್ಲಿ ವಿದ್ಯುತ್ ಬದಲಾವಣೆ ಉಂಟಾಗುತ್ತದೆ ಎಂಬುದನ್ನು ಸ್ವೀಡನ್ನಿನ ಫ್ರಿತಿಯೋಫ್ ಹೋಮ್‌ಗ್ರೆನ್ 1865ರಲ್ಲಿ ಕಪ್ಪೆಯ ಕಣ್ಣಿನಲ್ಲಿ ಕಂಡುಕೊಂಡರು. 1933ರಲ್ಲಿ ರಾಗ್ನಾರ್ ಗ್ರಾನಿಟ್ ಬೆಕ್ಕಿನ ಅಕ್ಷಿಪಟಲದ ಮೇಲೆ ಪ್ರಯೋಗ ನಡೆಸಿ, ಈ ವಿದ್ಯುತ್ ಅಲೆ ಹಲವು ಘಟಕಗಳಿಂದ ಕೂಡಿದೆಯೆಂದು ತೋರಿಸಿದರು; 1967ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಪಡೆದ ಮೂವರಲ್ಲಿ ಅವರೂ ಒಬ್ಬರು. ಇಂದು ಅಲೆಯ ಮೊದಲ ಇಳಿತವನ್ನು ‘ಎ’ ಅಲೆಯೆಂದೂ ಅದರ ಹಿಂದೆಯೇ ಬರುವ ಏರಿಕೆಯನ್ನು ‘ಬಿ’ ಅಲೆಯೆಂದೂ ಗುರುತಿಸಲಾಗುತ್ತದೆ. ಮೊದಲನೆಯದು ಬೆಳಕನ್ನು ಗ್ರಹಿಸುವ ದಂಡಕೋಶ ಮತ್ತು ಶಂಕುಕೋಶಗಳ ಸ್ಥಿತಿಯನ್ನು ಹೇಳಿದರೆ, ಎರಡನೆಯದು ಅವುಗಳಿಂದ ಸಂದೇಶ ಪಡೆಯುವ ದ್ವಿಧ್ರುವ ಕೋಶಗಳ ಸ್ಥಿತಿಯನ್ನು ಹೇಳುತ್ತದೆ.

ಈ ಅಳತೆಗೂ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಬದುಕಿಗೂ ಇರುವ ನಂಟು ದೂರದ್ದಲ್ಲ. ಮಳೆ ಕೈಕೊಟ್ಟ ವರ್ಷ ಹಸಿ ಮೇವು ಸಿಗದೆ, ಬಹುಕಾಲ ಕೂಡಿಟ್ಟ ಒಣ ಕಣಕಿಯನ್ನಷ್ಟೇ ತಿನ್ನುವ ದನಗಳಲ್ಲಿ ‘ಎ’ ಜೀವಸತ್ವದ ಕೊರತೆಯಿಂದ ಇರುಳುಗುರುಡು ಕಾಣಿಸಿಕೊಳ್ಳಬಹುದು. ಸೊಪ್ಪು, ಹಾಲು, ಮೊಟ್ಟೆ ಸಾಲದ ಮಕ್ಕಳಿಗೂ ಇದೇ ಅಪಾಯವಿದೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಈ ಜೀವಸತ್ವವಿಲ್ಲದೆ ತಯಾರಾಗುವುದಿಲ್ಲ. ಜಾನ್ ಡೌಲಿಂಗ್ ಮತ್ತು ಜಾರ್ಜ್ ವಾಲ್ಡ್ 1958ರಲ್ಲಿ, ಈ ಜೀವಸತ್ವದ ಕೊರತೆಯಿದ್ದ ಇಲಿಗಳ ಅಕ್ಷಿಪಟಲದಲ್ಲಿ ರೊಡಾಪ್ಸಿನ್ ಕುಗ್ಗಿದಂತೆ ಇ.ಆರ್.ಜಿ. ಅಲೆ ಮೂಡಿಸಲು ಹೆಚ್ಚು ಹೆಚ್ಚು ಬೆಳಕು ಬೇಕಾಗುವುದನ್ನು ತೋರಿಸಿ, ಇರುಳುಗುರುಡಿನ ಕಾರಣವನ್ನು ಅಳತೆಯ ಭಾಷೆಗೆ ತಂದರು.

ಕುರುಡಿನ ಇನ್ನೊಂದು ಮೂಲ ಮನೆತನದೊಳಗೇ ಇದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿ ಕರ್ನಾಟಕದಲ್ಲಿ ಇನ್ನೂ ಬಲವಾಗಿದ್ದು, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಮದುವೆಗಳಲ್ಲಿ ಸುಮಾರು ಕಾಲುಭಾಗ ರಕ್ತಸಂಬಂಧದೊಳಗೆ ನಡೆದಿರುತ್ತವೆ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷಯುಕ್ತ ಜೀನ್ ಬಂದಾಗ ಮಾತ್ರ ಪ್ರಕಟವಾಗುವ ಅಕ್ಷಿಪಟಲ ಕ್ಷಯಗಳ ಸಾಧ್ಯತೆ ಇಂತಹ ಕುಟುಂಬಗಳಲ್ಲಿ ಹೆಚ್ಚು. ಅವುಗಳಲ್ಲಿ ಒಂದಾದ, ಆರ್‌ಪಿಇ65 ಎಂಬ ಜೀನಿನ ದೋಷದಿಂದ ಬರುವ ಜನ್ಮಜಾತ ಕುರುಡಿನಲ್ಲಿಯೂ ಕೆಡುವುದು ‘ಎ’ ಜೀವಸತ್ವದಿಂದ ವರ್ಣದ್ರವ್ಯವನ್ನು ಮತ್ತೆ ಮತ್ತೆ ಸಿದ್ಧಪಡಿಸುವ ಅದೇ ಚಕ್ರ. ಕೊರತೆ ಮೇವಿನಿಂದ ಬಂದಿರಲಿ, ಜೀನಿನಿಂದ ಬಂದಿರಲಿ, ಕುಗ್ಗಿದ ಅಲೆಯಾಗಿ ಅದನ್ನು ತೋರಿಸುವುದು ಇ.ಆರ್.ಜಿ.ಯೇ.

ಇದೇ ಜೀನಿನ ದೋಷವಿದ್ದ ಬ್ರಿಯಾರ್ಡ್ ತಳಿಯ ನಾಯಿಮರಿಗಳಿಗೆ ಅಮೆರಿಕದ ವಿಜ್ಞಾನಿಗಳು ಸರಿಯಾದ ಜೀನನ್ನು ಕಣ್ಣಿಗೆ ಸೇರಿಸಿ ದೃಷ್ಟಿ ಮರಳಿಸಿದ ಸಂಗತಿ 2001ರಲ್ಲಿ ಪ್ರಕಟವಾಯಿತು. ನಾಯಿ ಎಡವದೆ ನಡೆಯಿತೆಂಬುದರ ಜೊತೆಗೆ, ಹೆಚ್ಚುಕಡಿಮೆ ಸಪಾಟಾಗಿದ್ದ ಇ.ಆರ್.ಜಿ. ಅಲೆ ಮತ್ತೆ ಎದ್ದಿತೆಂಬ ಸಾಕ್ಷ್ಯವೂ ಇದ್ದುದರಿಂದ ಆ ಫಲಿತಾಂಶಕ್ಕೆ ಗಟ್ಟಿತನ ಬಂತು. ಮುಂದೆ ಅದೇ ಬಗೆಯ ಚಿಕಿತ್ಸೆ ಮನುಷ್ಯರಿಗಾಗಿ ಲಕ್ಸ್‌ಟರ್ನಾ ಎಂಬ ಹೆಸರಿನಲ್ಲಿ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮೋದನೆ ಪಡೆಯಿತು. ವಿಜಯಪುರದ ನೆರೆಯ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ, ದೃಷ್ಟಿಬಲದಿಂದಲೇ ಬೇಟೆಯಾಡುವ ಮುಧೋಳ ನಾಯಿಯ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಶ್ವಾನತಳಿಗಳ ಕಣ್ಣಿನ ಆರೋಗ್ಯವನ್ನು ಅಳೆಯುವ ವಿದ್ಯೆ ಈ ಸೀಮೆಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಆದರೆ ಈ ವಿದ್ಯೆ ಪುಸ್ತಕ ಓದಿ ಬರುವಂಥದ್ದಲ್ಲ. ಇಲಿಯನ್ನು ಇಡೀ ರಾತ್ರಿ ಕತ್ತಲೆಯಲ್ಲಿರಿಸಿ, ಮಂದ ಕೆಂಪು ಬೆಳಕಿನಲ್ಲೇ ಅರಿವಳಿಕೆ ಕೊಟ್ಟು, ಪಾಪೆ ಹಿಗ್ಗಿಸಿ, ಕಾರ್ನಿಯಾ ಎಂಬ ಪಾರದರ್ಶಕ ಪದರದ ಮೇಲೆ ಗಾಯವಾಗದಂತೆ ಎಲೆಕ್ಟ್ರೋಡ್ ಕೂರಿಸಬೇಕು. ಅರಿವಳಿಕೆಯಲ್ಲಿರುವ ಪ್ರಾಣಿಯ ಮೈ ತಣ್ಣಗಾದರೆ ಅಲೆ ಕುಗ್ಗುತ್ತದೆ. ಕಣ್ಣು ಒಣಗಿದರೆ ಮಸೂರ ಮಂಜಾಗುತ್ತದೆ. ಕತ್ತಲೆಯ ಅವಧಿ ಸಾಲದಿದ್ದರೆ ದಂಡಕೋಶಗಳು ಪೂರ್ಣ ಉತ್ತರ ಕೊಡುವುದಿಲ್ಲ. ಅಳೆಯಬೇಕಾದದ್ದು ಮೈಕ್ರೋವೋಲ್ಟ್‌ಗಳನ್ನು, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದ ಸಂಕೇತಗಳನ್ನು. ಅರ್ಥಿಂಗ್ ಸರಿಯಿಲ್ಲದ ಕೋಣೆಯಲ್ಲಿ ವಿದ್ಯುತ್ ಸರಬರಾಜಿನ 50 ಹರ್ಟ್ಸ್ ಗದ್ದಲವೇ ಅವುಗಳನ್ನು ನುಂಗಿಬಿಡುತ್ತದೆ. ಪಳಗದ ಕೈ ಆರೋಗ್ಯವಂತ ಪ್ರಾಣಿಯನ್ನು ರೋಗಿಯೆಂದು ದಾಖಲಿಸಬಹುದು.

ಪ್ರಾಣಿಗಳ ಮೇಲಿನ ಪ್ರಯೋಗವೇ ಬೇಡವೆಂಬ ವಾದವನ್ನು ಇಲ್ಲಿ ಗೌರವದಿಂದಲೇ ಎದುರಿಸಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು ಅದರಡಿ 1998ರಲ್ಲಿ ಬಂದ ನಿಯಮಗಳು ಪ್ರತಿ ಸಂಸ್ಥೆಗೂ ಪ್ರಾಣಿ ನೀತಿ ಸಮಿತಿಯ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿವೆ. ಪದವಿ ತರಗತಿಗಳಿಂದ ಪ್ರಾಣಿ ಛೇದನ ಮರೆಯಾಗಿರುವುದು ಸರಿಯಾದ ಹೆಜ್ಜೆಯೇ. ಆದರೆ ಅದರ ಪರಿಣಾಮವಾಗಿ ಸಂಶೋಧನೆಗೆ ಬರುವ ಯುವಕರು ಜೀವಂತ ಪ್ರಾಣಿಯನ್ನು ಮೊದಲ ಬಾರಿ ಮುಟ್ಟುವುದು ನಿಜವಾದ ಪ್ರಯೋಗದಲ್ಲೇ ಎಂಬಂತಾಗಿದೆ. ಆಗ ಕಲಿಕೆಯ ತಪ್ಪುಗಳಿಗೆ ಬೆಲೆ ತೆರುವುದು ಪ್ರಾಣಿಗಳೇ. ಮಾರ್ಗದರ್ಶನದಲ್ಲಿ ಪಳಗಿದ ಕೈ ಒಂದೇ ಪ್ರಾಣಿಯನ್ನು ಕೊಲ್ಲದೆ, ತಿಂಗಳುಗಳ ಕಾಲ ಮತ್ತೆ ಮತ್ತೆ ಅಳೆಯಬಲ್ಲದು. ಹೀಗಾಗಿ ತರಬೇತಿಯು ವಿಜ್ಞಾನದ ಅಗತ್ಯ ಮಾತ್ರವಲ್ಲ, ದಯೆಯ ಅಗತ್ಯವೂ ಹೌದು. ದಯೆಯನ್ನು ಧರ್ಮದ ಮೂಲವೆಂದು ಸಾರಿದ ಬಸವಣ್ಣನವರ ನೆಲದಲ್ಲಿ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ದುಬಾರಿ ಕಟ್ಟಡದಿಂದಲೇ ಇದು ಆರಂಭವಾಗಬೇಕಿಲ್ಲ. ಹಣ್ಣುನೊಣದ ಕಣ್ಣಿನಲ್ಲಿಯೂ ಇ.ಆರ್.ಜಿ. ದಾಖಲಿಸಬಹುದು; ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ನೊಣದ ಕಣ್ಣು ಬೆಳಕನ್ನು ಗ್ರಹಿಸುವ ಬಗೆಯ ಕುರಿತು ವರ್ಷಗಳಿಂದ ಸಂಶೋಧನೆ ನಡೆದಿದೆ. ನೊಣದಲ್ಲಿ ಎಲೆಕ್ಟ್ರೋಡ್ ಕೂರಿಸುವುದನ್ನು, ಗದ್ದಲ ತಗ್ಗಿಸುವುದನ್ನು, ಅಲೆ ಓದುವುದನ್ನು ಕಲಿತವರು ಮಾತ್ರ ಇಲಿಯತ್ತ ಹೋಗುವಂತಾಗಬೇಕು. ವಿಜಯಪುರದ ಬಿ.ಎಂ. ಪಾಟೀಲ ಮತ್ತು ಅಲ್ ಅಮೀನ್ ವೈದ್ಯಕೀಯ ಕಾಲೇಜುಗಳ ಶರೀರಕ್ರಿಯಾಶಾಸ್ತ್ರ ಹಾಗೂ ನೇತ್ರವಿಭಾಗಗಳು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಬೆಂಗಳೂರಿನ ಪರಿಣತರು ಒಟ್ಟುಗೂಡಿ, ಆಯ್ದ ಕೆಲವೇ ಶಿಬಿರಾರ್ಥಿಗಳಿಗೆ ವರ್ಷಕ್ಕೊಮ್ಮೆ ಕನ್ನಡದ ವಿವರಣೆಯೊಂದಿಗೆ ಇಂತಹ ಶಿಬಿರ ನಡೆಸುವುದು ಅಸಾಧ್ಯವೇನಲ್ಲ.

ಜಿಲ್ಲೆಯ ರೋಗಿಗಳಿಗೇ ಸೌಲಭ್ಯ ಸಾಲದಿರುವಾಗ ಪ್ರಾಣಿಗಳ ಅಳತೆಗೆ ಹಣವೇಕೆ ಎಂಬ ಪ್ರಶ್ನೆ ಸಹಜ. ಇಲಿಯ ಕಣ್ಣಿನಲ್ಲಿ ‘ಎ’ ಮತ್ತು ‘ಬಿ’ ಅಲೆಗಳನ್ನು ನಂಬುವಂತೆ ದಾಖಲಿಸಬಲ್ಲವರಿಗೆ ಮುದ್ದೇಬಿಹಾಳದ ಮಗುವಿನ ಕಣ್ಣನ್ನು ಪರೀಕ್ಷಿಸಲು ಬೇಕಾದ ಬುನಾದಿ ಸಿಕ್ಕಿರುತ್ತದೆ, ಏಕೆಂದರೆ ಎರಡೂ ಅಳತೆಗಳ ತತ್ತ್ವ ಒಂದೇ. ರೋಗವಿರುವ ಕಡೆ ಅದನ್ನು ಅಳೆಯಬಲ್ಲವರೂ ಇರಬೇಕು. ರಾಜ್ಯದ ಆರೋಗ್ಯ ವಿಜ್ಞಾನ ಮತ್ತು ಪಶುವೈದ್ಯಕೀಯ ವಿಶ್ವವಿದ್ಯಾಲಯಗಳು ಈ ತರಬೇತಿಯನ್ನು ಸ್ನಾತಕೋತ್ತರ ಪಠ್ಯಕ್ರಮದ ಭಾಗವಾಗಿಸಿ, ಮೊದಲ ಶಿಬಿರವನ್ನು ವಿಜಯಪುರದಲ್ಲೇ ನಡೆಸಬೇಕು.